ಊಟದ ಮನೆಯಲ್ಲಿ ದುಡ್ಡಿನ ಮಾತು

(ಸಂಘದ ಸಂಸ್ಥಾಪನಾ ದಿನಾಚರಣೆಯಂದು ರೆಡ್ಮಂಡ್‌ನಲ್ಲಿ ಮಾಡಿದ ಭಾಷಣದ ಪಾಠ)

ಊರಿನಿಂದ ಮಕ್ಕಳ ಮನೆಗೆ ಬಂದು ಈ ಮಳೆಯನ್ನು ಸಹಿಸಿಕೊಂಡಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಕುಳಿತು ಆಗಲೇ ಬಿಸಿಬೇಳೆಬಾತಿನ ವಾಸನೆ ಹಿಡಿದಿರುವ ಮಕ್ಕಳೇ,

ಸಂಘದ ಹುಟ್ಟುಹಬ್ಬಕ್ಕೆ ವೈದ್ಯರನ್ನು ವೇದಿಕೆ ಹತ್ತಿಸಿದರೆ ಅವರು ಸಕ್ಕರೆ ಕಾಯಿಲೆ, ರಕ್ತದೊತ್ತಡ, ದಿನಕ್ಕೆ ಎಷ್ಟು ಮೈಲಿ ನಡೆಯಬೇಕು ಎಂದು ಉಪದೇಶ ಮಾಡುತ್ತಾರೆ ಎಂಬ ಭಯ ಸಭೆಯಲ್ಲಿ ಇರುವುದು ಸಹಜ. ಇಂದು ಆ ಮಾತಿಲ್ಲ. ನಾವು ತಂದಿರುವುದು ಒಂದು ಸೂಚನೆ ಮಾತ್ರ. ವರ್ಷಕ್ಕೆ ಒಂದು ಸಲವಾದರೂ ನಮ್ಮ ಊಟದ ಕೂಟಕ್ಕೆ ಹಣದ ವ್ಯವಸ್ಥೆಯನ್ನು ಬಲ್ಲವರೊಬ್ಬರನ್ನು ಕರೆಸಬೇಕು. ಹಣ ಎಲ್ಲಿ ಹುಟ್ಟುತ್ತದೆ, ಹೇಗೆ ಓಡಾಡುತ್ತದೆ, ಯಾಕೆ ಕೆಲವೊಮ್ಮೆ ರಾತ್ರೋರಾತ್ರಿ ಕಾಣೆಯಾಗುತ್ತದೆ ಎಂಬುದನ್ನು ಅವರಿಂದ ಕನ್ನಡದಲ್ಲಿ ಬಿಡಿಸಿ ಹೇಳಿಸಬೇಕು.

ಈ ಸೂಚನೆ ಸಮಿತಿಯ ಮುಂದೆ ಬಂದಾಗ ಎದ್ದ ಆಕ್ಷೇಪಣೆಗಳು ನಿಮಗೂ ಹೊಳೆದಿರಬಹುದು. ಸುಗಮ ಸಂಗೀತಕ್ಕೆ ಟಿಕೆಟ್ ಮಾರಿದರೆ ಜನ ಬರುತ್ತಾರೆ, ಮಿಮಿಕ್ರಿಗೆ ಬರುತ್ತಾರೆ, ಬ್ಯಾಂಕಿನವರ ಭಾಷಣಕ್ಕೆ ಯಾರು ಬರುತ್ತಾರೆ? ಊಟದ ಹೊತ್ತಿಗೆ ದುಡ್ಡಿನ ಮಾತು ಶೋಭೆಯೇ? ಇದೆಲ್ಲ ಇಂಟರ್ನೆಟ್‌ನಲ್ಲಿ ಸಿಗುತ್ತದಲ್ಲವೇ? ಕೊನೆಯದಕ್ಕೆ ವೈದ್ಯರಾದ ನಮ್ಮಲ್ಲಿ ಉತ್ತರ ಸಿದ್ಧವಾಗಿದೆ. ತಲೆನೋವೆಂದು ಇಂಟರ್ನೆಟ್ ನೋಡಿ ಮೆದುಳಿನ ಗಡ್ಡೆಯೆಂದು ತೀರ್ಮಾನಿಸಿಕೊಂಡು ಬರುವವರನ್ನು ನಾವು ವಾರಕ್ಕೆ ಇಬ್ಬರನ್ನಾದರೂ ನೋಡುತ್ತೇವೆ. ಮಾಹಿತಿ ಅವರಲ್ಲಿ ಬೇಕಾದಷ್ಟಿದೆ. ಎದುರು ಕುಳಿತು "ಇದು ಅದಲ್ಲ" ಎಂದು ಹೇಳುವ ಒಬ್ಬ ಮನುಷ್ಯ ಇರುವುದಿಲ್ಲ.

ಎಂ.ಬಿ.ಬಿ.ಎಸ್. ಓದುವಾಗ ರಕ್ತ ಹೃದಯದಿಂದ ಹೊರಟು ಹೃದಯಕ್ಕೆ ಮರಳುವ ದಾರಿಯನ್ನು ನಾವು ಬಾಯಿಪಾಠ ಮಾಡಿದೆವು. ಆಮೇಲೆ ಇಲ್ಲಿ ರೆಸಿಡೆನ್ಸಿಯಲ್ಲಿ ಮೂವತ್ತು ಗಂಟೆ ನಿದ್ದೆಗೆಟ್ಟು ಅದನ್ನೇ ಮತ್ತೊಮ್ಮೆ ಕಲಿತೆವು. ಇಷ್ಟು ವರ್ಷಗಳ ವಿದ್ಯಾಭ್ಯಾಸದಲ್ಲಿ ದುಡ್ಡಿನ ಬಗ್ಗೆ ಒಂದು ಗಂಟೆಯ ಪಾಠವೂ ಇರಲಿಲ್ಲ. ಇಂಜಿನಿಯರುಗಳಾದ ನಿಮ್ಮ ಕಥೆಯೂ ಬಹುಶಃ ಇದೇ. ರೆಡ್ಮಂಡ್‌ನ ಮನೆಗಳ ಬೆಲೆ ನಮಗೆ ಗೊತ್ತು, ಅಡಮಾನದ ಬಡ್ಡಿ ದರ ದಶಾಂಶದವರೆಗೂ ಗೊತ್ತು. ಆದರೆ ಮನೆ ಕೊಳ್ಳಲು ಬ್ಯಾಂಕು ಕೊಟ್ಟ ಆ ಐದಾರು ಲಕ್ಷ ಡಾಲರು ಅದಕ್ಕೆ ಎಲ್ಲಿಂದ ಬಂತು ಎಂದು ಕೇಳಿದರೆ, "ಬೇರೆಯವರು ಇಟ್ಟ ಠೇವಣಿಯಿಂದ" ಎನ್ನುತ್ತೇವೆ. ಈ ಉತ್ತರ ಅರ್ಧ ಮಾತ್ರ ಸರಿ.

ಇದು ಎಷ್ಟು ಅರ್ಧ ಎಂಬುದು ಸ್ಪಷ್ಟವಾದದ್ದು ಒಂದು ಮನೆಯ ಊಟದಲ್ಲಿ. ಮಗಳ ಬಾಣಂತನಕ್ಕೆಂದು ಕರಾವಳಿಯಿಂದ ಬಂದಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರನ್ನು ನಾವು ಹತ್ತು ಹನ್ನೆರಡು ಕುಟುಂಬದವರು ಸೇರಿ ಊಟಕ್ಕೆ ಕರೆದು, "ಸಾರ್, ದುಡ್ಡು ಅಂದರೆ ಏನು ಅಂತ ಸ್ವಲ್ಪ ಹೇಳಿ" ಎಂದು ಕೇಳಿಕೊಂಡೆವು. ಅವರು ಕಪ್ಪು ಹಲಗೆ ಕೇಳಲಿಲ್ಲ, ಕಂಪ್ಯೂಟರ್ ಕೇಳಲಿಲ್ಲ. ಅಡುಗೆಮನೆಯ ಕಡೆ ತಿರುಗಿ, "ಹೋಳಿಗೆ ಎಷ್ಟಿದೆ ತಾಯೀ?" ಎಂದು ಕೇಳಿದರು. ಅರವತ್ತು ಇದೆ ಎಂದು ಉತ್ತರ ಬಂತು. ಡಬ್ಬಿಯನ್ನು ತರಿಸಿ ಪಕ್ಕದಲ್ಲಿಟ್ಟುಕೊಂಡು, ಕಾಗದ ಹರಿದು ಅರವತ್ತು ಚೀಟಿ ಮಾಡಿ, ಒಂದೊಂದರ ಮೇಲೂ "ಇದನ್ನು ತಂದವರಿಗೆ ಒಂದು ಹೋಳಿಗೆ ಕೊಡುತ್ತೇನೆ" ಎಂದು ಬರೆದು ಸಹಿ ಹಾಕಿ ಹಂಚಿದರು.

ಐದು ನಿಮಿಷದಲ್ಲಿ ಮಕ್ಕಳು ವ್ಯಾಪಾರ ಶುರು ಮಾಡಿದರು. ವಿಡಿಯೋ ಗೇಮ್ ಆಡುವ ಸರದಿಗೆ ಒಂದು ಚೀಟಿ, ಸೋಫಾದ ಮೂಲೆಯ ಜಾಗಕ್ಕೆ ಎರಡು. ಡಬ್ಬಿಯ ಮುಚ್ಚಳ ಮಾತ್ರ ತೆರೆದಿರಲಿಲ್ಲ. ಆಗ ಅವರು ನಮ್ಮಲ್ಲೊಬ್ಬರನ್ನು ಕರೆದು, "ನಿಮಗೆ ಚೀಟಿ ಬೇಕೇ? ನಾಳೆ ಇಪ್ಪತ್ತೆರಡು ಹೋಳಿಗೆ ತಂದುಕೊಡುತ್ತೇನೆ ಎಂದು ಬರೆದುಕೊಡಿ, ಇಪ್ಪತ್ತು ಚೀಟಿ ಈಗಲೇ ಕೊಡುತ್ತೇನೆ" ಎಂದರು. ಅವರು ಬರೆದುಕೊಟ್ಟರು, ಇವರು ಹೊಸದಾಗಿ ಇಪ್ಪತ್ತು ಚೀಟಿ ಬರೆದುಕೊಟ್ಟರು. "ನೋಡಿ, ಯಾರ ಕೈಯಿಂದಲೂ ಚೀಟಿ ಕಿತ್ತುಕೊಂಡಿಲ್ಲ, ಡಬ್ಬಿಗೆ ಹೋಳಿಗೆ ಬಂದಿಲ್ಲ. ಆದರೂ ಕೋಣೆಯಲ್ಲಿ ಈಗ ಎಂಬತ್ತು ಚೀಟಿ ಇದೆ. ನಾನು ಮೂವತ್ತಾರು ವರ್ಷ ಮಾಡಿದ ಕೆಲಸ ಇದೇ" ಎಂದು ನಕ್ಕರು.

ಬ್ಯಾಂಕು ಸಾಲ ಕೊಡುವಾಗ ಸಾಲಗಾರನ ಖಾತೆಯಲ್ಲಿ ಒಂದು ಅಂಕಿ ಬರೆಯುತ್ತದೆ; ಆ ಬರೆದದ್ದೇ ಹೊಸ ಹಣ. ಇದು ಕೇವಲ ಆ ಹಿರಿಯರ ಚಮತ್ಕಾರದ ಮಾತಲ್ಲ, ಇಂಗ್ಲೆಂಡಿನ ಕೇಂದ್ರ ಬ್ಯಾಂಕು 2014ರಲ್ಲಿ ತನ್ನ ತ್ರೈಮಾಸಿಕ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ಬರೆಯಿತು. ಅಮೆರಿಕದಲ್ಲಿ ಕಾಗದದ ನೋಟಾಗಿ ಇರುವುದು ಒಟ್ಟು ಹಣದ ಸುಮಾರು ಹತ್ತನೇ ಒಂದು ಭಾಗ. ಉಳಿದದ್ದು ಇಂತಹ ಬರವಣಿಗೆ. ಠೇವಣಿಯ ಇಷ್ಟು ಪಾಲನ್ನು ಕಡ್ಡಾಯವಾಗಿ ಕೈಯಲ್ಲಿಟ್ಟುಕೊಂಡಿರಬೇಕು ಎಂಬ ಹಳೆಯ ನಿಯಮವನ್ನೂ ಫೆಡರಲ್ ರಿಸರ್ವ್ 2020ರ ಮಾರ್ಚಿನಲ್ಲಿ ಸೊನ್ನೆಗೆ ಇಳಿಸಿತು. ಹಾಗೆಂದು ಬ್ಯಾಂಕು ಮನಬಂದಷ್ಟು ಬರೆಯಲು ಆಗದು. ಸ್ವಂತ ಬಂಡವಾಳ ಎಷ್ಟಿರಬೇಕೆಂಬ ಕಾನೂನಿದೆ, ಬಡ್ಡಿಯ ದರವಿದೆ, ಬರೆದ ಚೀಟಿ ಬೇರೆ ಬ್ಯಾಂಕಿಗೆ ಹೋದರೆ ಲೆಕ್ಕ ತೀರಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಸಾಲ ತೆಗೆದುಕೊಂಡವನು ನಾಳೆ ಹೋಳಿಗೆ ತಂದೇ ತರುತ್ತಾನೆಯೇ ಎಂಬ ಪ್ರಶ್ನೆಯಿದೆ.

ಆಟ ಅಲ್ಲಿಗೆ ಮುಗಿಯಲಿಲ್ಲ. ಅಜ್ಜ ಒಬ್ಬ ಹುಡುಗನನ್ನು ಕರೆದು ಕಿವಿಯಲ್ಲಿ, "ಚೀಟಿ ಎಂಬತ್ತಿದೆ, ಹೋಳಿಗೆ ಅರವತ್ತೇ" ಎಂದರು. ಎರಡು ನಿಮಿಷದಲ್ಲಿ ಅವರ ಕುರ್ಚಿಯ ಮುಂದೆ ಸಾಲು ನಿಂತಿತು, ದೊಡ್ಡವರೂ ಸೇರಿ. ಸಕ್ಕರೆ ಕಾಯಿಲೆಯಿಂದ ಹೋಳಿಗೆ ಮುಟ್ಟದವರೂ ಆ ಸಾಲಿನಲ್ಲಿದ್ದರು ಎಂಬುದನ್ನು ವೈದ್ಯರಾಗಿ ನಾವು ಗಮನಿಸಿದೆವು. ಅಷ್ಟರಲ್ಲಿ ಮನೆಯ ಯಜಮಾನಿ ಅಡುಗೆಮನೆಯಿಂದಲೇ, "ಗಲಾಟೆ ಮಾಡಬೇಡಿ, ಕಣಕ ಹೂರಣ ಇನ್ನೂ ಇದೆ, ಎಷ್ಟು ಬೇಕಾದರೂ ತಟ್ಟಿಕೊಡುತ್ತೇನೆ" ಎಂದು ಕೂಗಿ ಹೇಳಿದರು. ಸಾಲು ಕರಗಿತು. ಅರ್ಧ ಜನ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಹಿಂದಿರುಗಿದರು. ಹಿರಿಯರು ಅಡುಗೆಮನೆಯ ಕಡೆ ಕೈಮುಗಿದು, "ಇವರೇ ರಿಸರ್ವ್ ಬ್ಯಾಂಕು" ಎಂದರು.

ಸಿಯಾಟಲ್‌ನಲ್ಲಿ 2008ರಲ್ಲಿ ಇದ್ದವರಿಗೆ ಆ ಸಾಲು ಹೊಸದಲ್ಲ. 1889ರ ಜೂನ್‌ನಲ್ಲಿ ಸಿಯಾಟಲ್ ನಗರದ ಪೇಟೆ ಬೆಂಕಿಗೆ ಆಹುತಿಯಾಯಿತು. ಸುಟ್ಟ ಊರನ್ನು ಮತ್ತೆ ಕಟ್ಟಲು ಸಾಲ ಕೊಡಲೆಂದು ಅದೇ ವರ್ಷ ಸೆಪ್ಟೆಂಬರ್ 25ರಂದು ಹುಟ್ಟಿದ ಸಂಸ್ಥೆಯೇ ಮುಂದೆ ವಾಷಿಂಗ್ಟನ್ ಮ್ಯೂಚುವಲ್ ಎಂಬ ಬ್ಯಾಂಕಾಯಿತು. ಮನೆ ಸಾಲಗಳಲ್ಲಿ ಅದು ಕಣ್ಣುಮುಚ್ಚಿ ಚೀಟಿ ಬರೆಯಿತು. ಹೋಳಿಗೆ ತರುತ್ತೇವೆ ಎಂದವರಲ್ಲಿ ಬಹಳ ಜನ ತರಲಿಲ್ಲ. 2008ರ ಸೆಪ್ಟೆಂಬರ್ ಮಧ್ಯದಿಂದ ಸುಮಾರು ಹತ್ತು ದಿನಗಳಲ್ಲಿ ಠೇವಣಿದಾರರು 1,670 ಕೋಟಿ ಡಾಲರ್ ಹಿಂತೆಗೆದರು. ಸೆಪ್ಟೆಂಬರ್ 25ರಂದು, ಸರಿಯಾಗಿ ತನ್ನ 119ನೇ ಸಂಸ್ಥಾಪನಾ ದಿನದಂದು, ಬ್ಯಾಂಕು ಮುಚ್ಚಿತು. 30,700 ಕೋಟಿ ಡಾಲರ್ ಆಸ್ತಿಯ ಆ ಬ್ಯಾಂಕಿನ ವ್ಯವಹಾರ 190 ಕೋಟಿಗೆ ಜೆ.ಪಿ. ಮೋರ್ಗನ್ ಚೇಸ್ ಪಾಲಾಯಿತು. ಅಮೆರಿಕದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಬ್ಯಾಂಕು ಮುಳುಗಿದ್ದಿಲ್ಲ. ಠೇವಣಿ ಇಟ್ಟವರಿಗೆ ಕಾಸು ನಷ್ಟವಾಗಲಿಲ್ಲ; ಷೇರು ಕೊಂಡವರ ಹಣ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಠೇವಣಿ ಬೇರೆ, ಷೇರು ಬೇರೆ ಎಂಬ ಈ ಒಂದು ವಾಕ್ಯವನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಂದು ಆಮೇಲೆ ಎಷ್ಟೋ ಮನೆಗಳಲ್ಲಿ ಅಂದುಕೊಂಡರು.

ಆ ಚಳಿಗಾಲ ನಮ್ಮ ಕ್ಲಿನಿಕ್ಕಿಗೆ ಬಂದವರಲ್ಲಿ ನಿದ್ದೆಯಿಲ್ಲ, ಎದೆ ಡವಗುಟ್ಟುತ್ತದೆ, ಹೊಟ್ಟೆಯಲ್ಲಿ ಉರಿ ಎನ್ನುವವರು ಹೆಚ್ಚಾಗಿದ್ದರು. ಇ.ಸಿ.ಜಿ. ಸರಿಯಿರುತ್ತಿತ್ತು. ಸ್ವಲ್ಪ ಹೊತ್ತು ಕೂರಿಸಿ ಮಾತನಾಡಿಸಿದರೆ ಮನೆಯ ಸಾಲವೋ, 2009ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಘೋಷಿಸಿದ ಐದು ಸಾವಿರ ಉದ್ಯೋಗ ಕಡಿತದ ಭಯವೋ ಹೊರಗೆ ಬರುತ್ತಿತ್ತು. ಹೆಂಡತಿಗೆ ಹೇಳಿರುತ್ತಿರಲಿಲ್ಲ, ಊರಲ್ಲಿ ಅಪ್ಪ ಅಮ್ಮನಿಗಂತೂ ಇಲ್ಲವೇ ಇಲ್ಲ. ನಮ್ಮವರಲ್ಲಿ ಸಂಬಳ ಗುಟ್ಟು, ಸಾಲ ಅವಮಾನ, ನಷ್ಟ ಕರ್ಮ. ಕಾಯಿಲೆಯನ್ನಾದರೂ ಕೊನೆಗೆ ಹೇಳಿಕೊಳ್ಳುತ್ತಾರೆ, ದುಡ್ಡಿನ ತೊಂದರೆಯನ್ನು ಹೇಳಿಕೊಳ್ಳುವುದಿಲ್ಲ. ಹೀಗೆ ಬಾಯಿ ಕಟ್ಟಿರುವ ಜಾಗಕ್ಕೇ ಮಾರುವವರು ಬಂದು ಕೂರುವುದು.

ಅದನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಊಟದ ಕೂಟದಲ್ಲಿ ಹಣದ ತಜ್ಞರೆಂದು ಪರಿಚಯಿಸಿಕೊಂಡವರೊಬ್ಬರು ಬಹಳ ಚೆನ್ನಾಗಿ ಮಾತನಾಡಿದರು. ಕನ್ನಡವೂ ಸೊಗಸಾಗಿತ್ತು. ಮಾತಿನ ಕೊನೆಗೆ ಕೈಚೀಲದಿಂದ ಅರ್ಜಿಗಳು ಹೊರಬಂದವು. "ನಮ್ಮವರಿಗೆ ಮಾತ್ರ" ಎಂಬ ಆ ಯೋಜನೆಗೆ ನಮ್ಮ ಪರಿಚಯದ ನಾಲ್ಕು ಕುಟುಂಬಗಳು ಮಕ್ಕಳ ಕಾಲೇಜಿಗೆಂದು ಕೂಡಿಟ್ಟದ್ದನ್ನು ಹಾಕಿದವು. ಎರಡು ವರ್ಷದ ನಂತರ ಫೋನ್ ಎತ್ತುವವರಿಲ್ಲ. ದೂರು ಕೊಡೋಣವೆಂದರೆ ನಾಲ್ಕರಲ್ಲಿ ಮೂರು ಮನೆಯವರು ಬೇಡವೆಂದರು, ನಾಲ್ಕು ಜನರಿಗೆ ಗೊತ್ತಾಗುತ್ತದಲ್ಲ ಎಂದು.

ಆದ್ದರಿಂದ ಕರೆಸಬೇಕಾದವರು ಯಾರು ಎನ್ನುವುದರಲ್ಲಿ ನಾವು ಸ್ವಲ್ಪ ಹಟಮಾರಿಗಳು. ವಿವರಿಸುವವರು ಬೇಕು, ಮಾರುವವರು ಬೇಡ. ಆಹ್ವಾನ ಪತ್ರದಲ್ಲೇ, ಅರ್ಜಿ ತರಬಾರದು, ವಿಳಾಸದ ಚೀಟಿ ಹಂಚಬಾರದು, ಸಭಿಕರ ಫೋನ್ ನಂಬರ್ ಪಡೆಯಬಾರದು ಎಂದು ಬರೆಯೋಣ. ವೇದಿಕೆಯ ಮೇಲೆಯೇ, "ನಿಮ್ಮ ಆದಾಯ ಎಲ್ಲಿಂದ ಬರುತ್ತದೆ?" ಎಂದು ಮೊದಲ ಪ್ರಶ್ನೆ ಕೇಳೋಣ; ನೊಂದುಕೊಳ್ಳದೆ ಉತ್ತರ ಹೇಳುವವರೇ ನಮಗೆ ಸರಿಯಾದವರು. ಸಲಹೆಗಾರರೇ ಬೇಕೆಂದಾದರೆ, ಗಿರಾಕಿಯ ಹಿತವನ್ನೇ ಮುಂದಿಡಬೇಕೆಂಬ ಕಾನೂನಿನ ಕಟ್ಟು ಇರುವ ಫಿಡ್ಯೂಷಿಯರಿ ಸಲಹೆಗಾರರಿದ್ದಾರೆ. ಕಮಿಷನ್ನಿನ ಮೇಲೆ ಬದುಕುವವರು ಕೆಟ್ಟವರೆಂದಲ್ಲ. ಔಷಧ ಕಂಪನಿಯ ಪ್ರತಿನಿಧಿಯಿಂದ ನಾವು ಔಷಧಶಾಸ್ತ್ರ ಕಲಿಯುವುದಿಲ್ಲ, ಅಷ್ಟೆ.

ಇನ್ನು ಊಟದ ಮನೆಯಲ್ಲಿ ದುಡ್ಡಿನ ಮಾತು ನಮ್ಮ ಸಂಸ್ಕೃತಿಯಲ್ಲ ಎನ್ನುವವರಿಗೆ ಒಂದು ಮಾತು. ಬ್ಯಾಂಕನ್ನು ಮನೆಯ ಜಗಲಿಗೆ ತಂದವರೇ ಕನ್ನಡ ನಾಡಿನವರು. 1906ರಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಕಟ್ಟಿದ ನಿಧಿ ಇಂದಿನ ಕೆನರಾ ಬ್ಯಾಂಕು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಮೂಲ ಹಾಕಿದರು. 1913ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಬ್ಯಾಂಕು ಬಂತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಟಿ.ಎಂ.ಎ. ಪೈ ಈ ಮೂವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ತೆರೆದದ್ದು ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. ಟಿ.ಎಂ.ಎ. ಪೈಯವರು ವೈದ್ಯರು ಎಂಬುದನ್ನು ಇಲ್ಲಿ ಒತ್ತಿ ಹೇಳಲು ಅಪ್ಪಣೆ ಕೊಡಿ. ಕೈಮಗ್ಗದವರು ಕಷ್ಟದಲ್ಲಿದ್ದ ಕಾಲ ಅದು. ರೋಗಿಯ ನಾಡಿ ಹಿಡಿದವರಿಗೆ ಅವನ ಜೇಬಿನ ಸ್ಥಿತಿಯೂ ತಿಳಿದಿರಬೇಕು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ದಿನವೂ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಹೋಗಿ ಎರಡಾಣೆಯಷ್ಟು ಕಡಿಮೆ ಹಣವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಮೀನು ಮಾರುವವರು, ಬೀಡಿ ಕಟ್ಟುವವರು, ಹೋಟೆಲಿನ ಮಾಣಿಗಳು ಬ್ಯಾಂಕೆಂದರೇನೆಂದು ಕಲಿತದ್ದು ಆ ಏಜೆಂಟರ ಬಾಯಿಂದ, ನಿಂತ ಜಾಗದಲ್ಲಿ, ಅವರವರ ಭಾಷೆಯಲ್ಲಿ. ನಮ್ಮ ಅತಿಥಿಯಾಗಿ ಬಂದಿದ್ದ ಹಿರಿಯರೂ ಹುಡುಗರಾಗಿದ್ದಾಗ ತಂದೆಯ ಜೊತೆ ಪಿಗ್ಮಿ ವಸೂಲಿಗೆ ಸೈಕಲ್ ಮೇಲೆ ಹೋಗುತ್ತಿದ್ದವರು. ಅವರಿಗೆ ಹೋಳಿಗೆಯ ಉಪಮಾನ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಅವಿಭಜಿತ ದಕ್ಷಿಣ ಕನ್ನಡ ಒಂದೇ ಜಿಲ್ಲೆಯಿಂದ ನಾಲ್ಕು ರಾಷ್ಟ್ರೀಕೃತ ಬ್ಯಾಂಕುಗಳು ಬಂದವು: 1969ರಲ್ಲಿ ಕೆನರಾ, ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್, ವಿಜಯ. ಇವುಗಳಲ್ಲಿ ಇಂದು ಹೆಸರು ಉಳಿದಿರುವುದು ಕೆನರಾ ಒಂದರದೇ. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ, ವಿಜಯ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಊರಿನಲ್ಲಿರುವ ಅಪ್ಪನ ಹಳೆಯ ಪಾಸ್‌ಬುಕ್ಕು ಈಗ ಯಾವ ಬ್ಯಾಂಕಿನದು ಎಂದು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಭಾರತದಲ್ಲಿ ಠೇವಣಿ ವಿಮೆ 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಐದು ಲಕ್ಷ ರೂಪಾಯಿಯವರೆಗೆ. ಇಲ್ಲಿ ಎರಡೂವರೆ ಲಕ್ಷ ಡಾಲರ್. ಎರಡು ಬ್ಯಾಂಕುಗಳಲ್ಲಿ ಹಂಚಿಟ್ಟ ಹಣ, ಅವೆರಡೂ ಒಂದಾದಾಗ ವಿಮೆಯ ಲೆಕ್ಕದಲ್ಲಿ ಏನಾಗುತ್ತದೆ? ಇಂತಹ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಹೇಳಲು ಬಲ್ಲವರೇ ಬೇಕು.

ಮುಖ್ಯವಾದ ಸಂಗತಿಗೆ ಈಗ ಬರುತ್ತೇವೆ. ಹಣದ ವ್ಯವಸ್ಥೆ ಎಲ್ಲೋ ದೊಡ್ಡವರು ನಡೆಸುವ ಆಟ, ನಾವು ನೋಡುವವರು ಎಂದು ನಾವೆಲ್ಲ ಭಾವಿಸಿದ್ದೇವೆ. ಹಾಗಲ್ಲ, ಹೋಳಿಗೆಯ ಸಾಲಿನಲ್ಲಿ ನಾವೂ ನಿಂತವರೇ. 1990ರ ಕೊನೆಯಿಂದ ಅನಿವಾಸಿ ಭಾರತೀಯರು ಭಾರತದ ಬ್ಯಾಂಕುಗಳಲ್ಲಿಟ್ಟಿದ್ದ ಡಾಲರ್ ಠೇವಣಿಗಳನ್ನು ಹಿಂತೆಗೆಯತೊಡಗಿದರು. 1991ರ ಏಪ್ರಿಲ್‌ನಿಂದ ಜೂನ್‌ವರೆಗೆ ಮೂರೇ ತಿಂಗಳಲ್ಲಿ ಹೊರಗೆ ಹೋದದ್ದು ಸುಮಾರು 95 ಕೋಟಿ ಡಾಲರ್. ಕೊಲ್ಲಿ ಯುದ್ಧದಿಂದ ಏರಿದ ಎಣ್ಣೆಯ ಬೆಲೆ, ಹಳೆಯ ಸಾಲಗಳು, ಸರ್ಕಾರಗಳ ಅಸ್ಥಿರತೆ, ಇವುಗಳ ಮೇಲೆ ಇದೊಂದು ಪೆಟ್ಟು. ಆಮದಿಗೆ ಕೆಲವೇ ವಾರಗಳಿಗೆ ಸಾಕಾಗುವಷ್ಟು ವಿದೇಶಿ ವಿನಿಮಯ ಉಳಿದಾಗ, ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಅಡವಿಟ್ಟು ಇಂಗ್ಲೆಂಡ್ ಮತ್ತು ಜಪಾನ್ ಕೇಂದ್ರ ಬ್ಯಾಂಕುಗಳಿಂದ ಸಾಲ ತಂದಿತು. ಅದೇ ತಿಂಗಳ 1 ಮತ್ತು 3ರಂದು ರೂಪಾಯಿಯನ್ನು ಎರಡು ಕಂತಿನಲ್ಲಿ ಅಪಮೌಲ್ಯ ಮಾಡಿ, ಡಾಲರಿಗೆ ಸುಮಾರು 21 ಇದ್ದದ್ದು ಸುಮಾರು 26 ಆಯಿತು. ಹಿಂತೆಗೆದವರನ್ನು ನಾವು ಬೈಯುವುದಿಲ್ಲ, ಅವರಿಗೂ ಮಕ್ಕಳುಮರಿಗಳಿದ್ದವು. 1998ರಲ್ಲಿ ಪೋಖರಣ್ ಪರೀಕ್ಷೆಯ ನಂತರ ದಿಗ್ಬಂಧನ ಬಂದಾಗ ಸ್ಟೇಟ್ ಬ್ಯಾಂಕಿನ ರಿಸರ್ಜೆಂಟ್ ಇಂಡಿಯಾ ಬಾಂಡಿಗೆ 420 ಕೋಟಿ ಡಾಲರ್ ಕೊಟ್ಟವರೂ ಇದೇ ಅನಿವಾಸಿಗಳು. ಹಿಂತೆಗೆದದ್ದೂ ನಮ್ಮ ಕೈ, ಕೊಟ್ಟದ್ದೂ ನಮ್ಮ ಕೈ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಹೋದ ಕುಟುಂಬದ ಹಣ ಸುಮಾರು 12,900 ಕೋಟಿ ಡಾಲರ್. ಅಮ್ಮನ ಔಷಧಿಗೆಂದು ತಿಂಗಳಿಗೊಮ್ಮೆ ಕಳಿಸುವ ಇನ್ನೂರು ಡಾಲರೂ ಅದರೊಳಗಿದೆ.

ರೂಪಾಯಿ ನೋಟನ್ನು ಎಂದಾದರೂ ಪೂರ್ತಿ ಓದಿದ್ದೀರಾ? ಬದಿಯ ಭಾಷಾಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ಮಕ್ಕಳಿಗೆ ಕನ್ನಡ ಓದಲು ಕಲಿಸುವಾಗ ಇದನ್ನು ತೋರಿಸಿ, ಬೇಗ ಕಲಿಯುತ್ತಾರೆ. ನಡುವೆ ಇಷ್ಟು ರೂಪಾಯಿ ಕೊಡುವುದಾಗಿ ರಿಸರ್ವ್ ಬ್ಯಾಂಕಿನ ಗವರ್ನರು ಮಾಡಿದ ವಾಗ್ದಾನ ಮತ್ತು ಸಹಿ. ಅಜ್ಜ ಬರೆದ ಚೀಟಿಯ ಒಕ್ಕಣೆಯೇ ಅದು. 2016ರ ನವೆಂಬರ್ 8ರಂದು ಇಲ್ಲಿ ನಾವು ಬೆಳಗಿನ ಕಾಫಿ ಕುಡಿಯುವ ಹೊತ್ತಿಗೆ ಐನೂರು, ಸಾವಿರದ ನೋಟುಗಳು ರದ್ದಾದವು. ಮುಂದಿನ ಪ್ರಯಾಣದ ಆಟೋ ಖರ್ಚಿಗೆಂದು ಡ್ರಾಯರಿನಲ್ಲಿಟ್ಟಿದ್ದ ನೋಟುಗಳು ಪ್ರತಿ ಮನೆಯಲ್ಲೂ ಇದ್ದವು. ಅನಿವಾಸಿಗಳಿಗೆ 2017ರ ಜೂನ್ 30ರವರೆಗೆ ಅವಕಾಶ ಕೊಟ್ಟರು, ಆದರೆ ಮುಂಬಯಿ, ದೆಹಲಿ, ಚೆನ್ನೈ, ಕೊಲ್ಕತ್ತ, ನಾಗಪುರದ ರಿಸರ್ವ್ ಬ್ಯಾಂಕ್ ಕಚೇರಿಗಳಲ್ಲಿ ಮಾತ್ರ. ಬೆಂಗಳೂರು ಆ ಪಟ್ಟಿಯಲ್ಲಿ ಇರಲಿಲ್ಲ. ನಾಲ್ಕು ಸಾವಿರ ರೂಪಾಯಿಗೆ ನಾಗಪುರಕ್ಕೆ ಯಾರು ಹೋಗುತ್ತಾರೆ? ಆ ನೋಟುಗಳು ಇಂದಿಗೂ ಹಲವರ ಮನೆಯಲ್ಲಿವೆ. ಚೀಟಿ ಬರೆದವರು ಅದನ್ನು ಹಿಂದಕ್ಕೆ ಪಡೆಯಲೂ ಬಲ್ಲರು ಎಂಬುದಕ್ಕೆ ಸಾಕ್ಷಿಯಾಗಿ ಇಟ್ಟುಕೊಳ್ಳಿ.

ಮೊದಲ ಅತಿಥಿಗೆ ಕೇಳಬೇಕಾದ ಪ್ರಶ್ನೆಗಳು ಈಗಾಗಲೇ ನಮ್ಮಲ್ಲಿ ಸೇರುತ್ತಿವೆ. ಬಡ್ಡಿ ದರ ಏರಿದರೆ ನಮ್ಮ ನಿವೃತ್ತಿ ನಿಧಿಯಲ್ಲಿರುವ ಬಾಂಡುಗಳ ಬೆಲೆ ಯಾಕೆ ಇಳಿಯುತ್ತದೆ? 2023ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕು ಮುಳುಗಿದ್ದಕ್ಕೂ ಇದಕ್ಕೂ ಸಂಬಂಧವಿದೆ. ಊರಿನಲ್ಲಿರುವ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ ಹತ್ತು ಸಾವಿರ ಡಾಲರ್ ದಾಟಿದರೆ ಇಲ್ಲಿಯ ಸರ್ಕಾರಕ್ಕೆ ವರದಿ ಮಾಡಲೇಬೇಕು. ಅಪ್ಪನ ಜೊತೆ ಜಂಟಿಯಾಗಿರುವ ಖಾತೆಗೂ ಇದು ಅನ್ವಯಿಸುತ್ತದೆಯೇ? ಹದಿನಾರರ ಮಗನಿಗೆ ಕ್ರೆಡಿಟ್ ಕಾರ್ಡಿನ ಬಡ್ಡಿಯನ್ನು ಹೇಗೆ ಅರ್ಥ ಮಾಡಿಸುವುದು? ವಿಧವೆಯಾದ ತಾಯಿಯೊಬ್ಬರು ಕೇಳಿದ ಪ್ರಶ್ನೆ ಇದು: "ಅವರು ಹೋದಮೇಲೆ ಯಾವ ಬ್ಯಾಂಕಿನಲ್ಲಿ ಏನಿದೆ ಅಂತ ಗೊತ್ತಾಗಲು ಹದಿನಾಲ್ಕು ತಿಂಗಳು ಹಿಡಿಯಿತು. ಬೇರೆ ಹೆಂಗಸರಿಗೆ ಹಾಗಾಗದಂತೆ ಏನು ಮಾಡಬೇಕು?"

ಈ ಸಭಾಂಗಣದ ಬಾಗಿಲಿನಲ್ಲಿ ಖಜಾಂಚಿಗಳ ಮೇಜಿನ ಪಕ್ಕ ಒಂದು ರಟ್ಟಿನ ಡಬ್ಬಿ ಇಟ್ಟಿದ್ದೇವೆ, ಚೀಟಿ ಪೆನ್ನು ಅಲ್ಲೇ ಇವೆ. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆಯಿರಿ. ಚೀಟಿಯ ಮೇಲೆ ಹೆಸರು ಬೇಡ, ಕೈಬರಹ ಗುರುತು ಸಿಗುತ್ತದೆಂಬ ಸಂಕೋಚವಿದ್ದರೆ ಮಕ್ಕಳ ಕೈಯಲ್ಲಿ ಬರೆಸಿ. ಅತಿಥಿಗಳನ್ನು ಗೊತ್ತುಮಾಡುವ ಮೊದಲು ಸಮಿತಿಯವರು ಎಲ್ಲ ಚೀಟಿಗಳನ್ನೂ ಓದುತ್ತಾರೆ. ಆ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರನ್ನೇ ಹುಡುಕುತ್ತಾರೆ. ಆ ದಿನ ಮಕ್ಕಳನ್ನು ಆಡಲು ಹೊರಗೆ ಕಳಿಸುವುದು ಬೇಡ, ಅವರೂ ಕೂರಲಿ. ಅಡುಗೆಯ ಜವಾಬ್ದಾರಿ ಹೊತ್ತವರಿಗೂ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಬೇಕೆಂದು ಅಧ್ಯಕ್ಷರಲ್ಲಿ ವಿನಂತಿ.

ಎಲೆ ಹಾಕಿದ್ದಾರೆಂದು ಸನ್ನೆ ಬಂದಿದೆ.